ಹಾಬರ್‌ಮಾಸ್: ಚರ್ಚೆಯಿಂದ ಕಟ್ಟಬೇಕಾದ ಯುರೋಪು

ಎರಡನೇ ಮಹಾಯುದ್ಧದ ನಂತರದ ಜರ್ಮನಿಯಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಯೂರ್ಗನ್ ಹಾಬರ್‌ಮಾಸ್ ಅವರಷ್ಟು ದೀರ್ಘಕಾಲ, ಅಷ್ಟು ಪಟ್ಟು ಹಿಡಿದು ಯೋಚಿಸಿದ ತತ್ವಜ್ಞಾನಿಗಳು ವಿರಳ. ಅವರ ದೊಡ್ಡ ಗ್ರಂಥಗಳು ಓದುಗರ ಸಹನೆ ಪರೀಕ್ಷಿಸುವಷ್ಟು ಕಠಿಣ. ಪತ್ರಿಕೆಗಳಿಗೆ ಬರೆದ ಲೇಖನಗಳು ಮಾತ್ರ ಚುರುಕು, ಕೆಲವೊಮ್ಮೆ ಖಾರ. ಎರಡರಲ್ಲೂ ಅವರನ್ನು ಕಾಡಿದ ಪ್ರಶ್ನೆ ಒಂದೇ: ಕಾನೂನಿಗೆ ತಲೆಬಾಗುವ ಜನ, ಅದನ್ನು ಮಾಡಿಕೊಂಡವರು ನಾವೇ ಎಂದು ಯಾವಾಗ ಹೇಳಬಲ್ಲರು? ಯುರೋಪಿನ ಒಕ್ಕೂಟ ದೇಶಗಳ ಗಡಿ ಮೀರಿ ಕಾನೂನು ಮಾಡತೊಡಗಿದ ಮೇಲೆ ಈ ಪ್ರಶ್ನೆ ಪುಸ್ತಕದಿಂದ ಎದ್ದು ಬಂದು ದಿನದ ರಾಜಕೀಯವಾಯಿತು. ಬದುಕಿನ ಕೊನೆಯ ಮೂರು ದಶಕಗಳ ಬರವಣಿಗೆಯ ದೊಡ್ಡ ಪಾಲನ್ನು ಅವರು ಇದಕ್ಕೇ ಮೀಸಲಿಟ್ಟರು.

ಅವರು ಹುಟ್ಟಿದ್ದು 1929ರ ಜೂನ್ 18ರಂದು, ಡ್ಯುಸೆಲ್‌ಡಾರ್ಫ್‌ನಲ್ಲಿ. ಬೆಳೆದದ್ದು ಕಲೋನ್ ನಗರದ ಪೂರ್ವಕ್ಕಿರುವ ಗುಮ್ಮರ್ಸ್‌ಬಾಖ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿನ ವಾಣಿಜ್ಯ ಮಂಡಳಿಯ ಕಚೇರಿ ನೋಡಿಕೊಳ್ಳುತ್ತಿದ್ದರು. 1933ರಲ್ಲಿ ನಾಜಿ ಪಕ್ಷ ಸೇರಿದ್ದರು. ಮಗನೂ ಆ ಕಾಲದ ಹುಡುಗರಂತೆ ಹಿಟ್ಲರನ ಬಾಲಪಡೆಯಲ್ಲಿದ್ದ. ಸೀಳಂಗುಳದೊಂದಿಗೆ ಹುಟ್ಟಿದ್ದರಿಂದ ಎಳವೆಯಲ್ಲೇ ಶಸ್ತ್ರಚಿಕಿತ್ಸೆಗಳಾದವು. ಮಾತು ಅನುನಾಸಿಕವಾಗಿ ಹೊರಡುತ್ತಿತ್ತು; ಶಾಲೆಯಲ್ಲಿ ಅದು ಬೇರೆಯವರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ, ಗೇಲಿಯೂ ತಪ್ಪಲಿಲ್ಲ. ತಮ್ಮ ಖಾಸಗಿ ಬದುಕಿನ ಬಗ್ಗೆ ತುಟಿ ಬಿಚ್ಚದ ಹಾಬರ್‌ಮಾಸ್ 2004ರಲ್ಲಿ ಕ್ಯೋಟೊ ಪ್ರಶಸ್ತಿ ಸ್ವೀಕರಿಸುವಾಗ ಮಾಡಿದ ಭಾಷಣದಲ್ಲಿ ಇದನ್ನು ಸ್ವತಃ ಹೇಳಿಕೊಂಡರು. ಮನುಷ್ಯರು ಒಬ್ಬರಿಗೊಬ್ಬರು ಎಷ್ಟು ಆತುಕೊಂಡಿದ್ದಾರೆ, ಮಾತು ತಲುಪದೇ ಹೋದಾಗ ಅದು ಹೇಗೆ ಅರಿವಿಗೆ ಬರುತ್ತದೆ ಎಂಬುದು ಅಲ್ಲಿನ ವಿವರಣೆ. ಬರಹದಲ್ಲಿ ಉಚ್ಚಾರದ ಕೊರತೆ ಕಾಣುವುದಿಲ್ಲವಾದ್ದರಿಂದ ತಮಗೆ ಬರೆಯುವುದೇ ಹೆಚ್ಚು ಒಗ್ಗಿತು ಎಂದೂ ಹೇಳಿದರು. ತತ್ವಜ್ಞಾನಿಯ ಸಿದ್ಧಾಂತವನ್ನು ಅವನ ಮೈಗೆ ಗಂಟು ಹಾಕುವುದು ಅಪಾಯದ ಕೆಲಸ. ಇಲ್ಲಿ ಆ ಗಂಟು ಹಾಕಿದವರು ಅವರೇ.

1945ರಲ್ಲಿ ಯುದ್ಧ ಮುಗಿದಾಗ ಹಾಬರ್‌ಮಾಸ್‌ಗೆ ಹದಿನಾರು ತುಂಬುವುದರಲ್ಲಿತ್ತು. ನ್ಯೂರೆಂಬರ್ಗ್ ವಿಚಾರಣೆಯ ವರದಿಗಳು ರೇಡಿಯೊದಲ್ಲಿ ಬಂದವು, ಯಾತನಾಶಿಬಿರಗಳ ಚಿತ್ರಗಳು ತೆರೆಯ ಮೇಲೆ ಬಂದವು. ಸಹಜವೆಂದು ಕಂಡಿದ್ದ ಇಡೀ ಬಾಲ್ಯ ಒಂದು ಅಪರಾಧಿ ವ್ಯವಸ್ಥೆಯೊಳಗೆ ಕಳೆದಿತ್ತು ಎಂಬುದು ಅದರಿಂದ ತಿಳಿಯಿತು. ಗ್ಯೋಟಿಂಗನ್, ಜ್ಯೂರಿಕ್, ಬಾನ್ ವಿಶ್ವವಿದ್ಯಾಲಯಗಳಲ್ಲಿ ಓದು ಮುಂದುವರಿಯಿತು. 1954ರಲ್ಲಿ ಶೆಲ್ಲಿಂಗ್ ಕುರಿತ ಪ್ರಬಂಧಕ್ಕೆ ಬಾನ್‌ನಲ್ಲಿ ಡಾಕ್ಟರೇಟ್ ಸಿಕ್ಕಿತು.

ಅದಕ್ಕೂ ಒಂದು ವರ್ಷ ಮುಂಚೆ ಈ ವಿದ್ಯಾರ್ಥಿಯ ಹೆಸರು ದೇಶಕ್ಕೆ ಪರಿಚಯವಾಗಿತ್ತು. ಮಾರ್ಟಿನ್ ಹೈಡೆಗರ್ 1935ರಲ್ಲಿ ಕೊಟ್ಟ ಉಪನ್ಯಾಸಗಳು 1953ರಲ್ಲಿ ಪುಸ್ತಕವಾದವು. ನಾಜಿ ಚಳವಳಿಗೆ ಒಳಗಿನ ಸತ್ಯ, ಹಿರಿಮೆ ಇದೆಯೆಂಬ ಮಾತು ಅದರಲ್ಲಿ ಹಾಗೆಯೇ ಉಳಿದಿತ್ತು. ಗೆಳೆಯ ಕಾರ್ಲ್-ಓಟೊ ಆಪೆಲ್ ಪುಸ್ತಕವನ್ನು ಕೈಗೆ ಕೊಟ್ಟರು. ಇಪ್ಪತ್ನಾಲ್ಕರ ಹಾಬರ್‌ಮಾಸ್ 'ಫ್ರಾಂಕ್‌ಫುರ್ಟರ್ ಆಲ್‌ಗೆಮೈನೆ' ಪತ್ರಿಕೆಯಲ್ಲಿ ಲೇಖನ ಬರೆದು ಹೈಡೆಗರ್ ಅವರನ್ನು ನೇರವಾಗಿ ಪ್ರಶ್ನಿಸಿದರು. 1935ರಲ್ಲಿ ಹಾಗೆ ಹೇಳಿದ್ದಕ್ಕಿಂತ, ನಡುವೆ ನಡೆದದ್ದೆಲ್ಲ ತಿಳಿದ ಮೇಲೂ ಒಂದು ವಿವರಣೆಯ ಮಾತಿಲ್ಲದೆ ಅದನ್ನು ಅಚ್ಚಿಗೆ ಕೊಟ್ಟದ್ದು ಅವರನ್ನು ಕೆರಳಿಸಿತ್ತು. ಮುಂದೆ ಎಪ್ಪತ್ತು ವರ್ಷ ನಡೆದ ಪತ್ರಿಕಾ ಜಗಳಗಳ ಸ್ವಭಾವವೆಲ್ಲ ಇಲ್ಲೇ ಇದೆ: ತಪ್ಪಿಗಿಂತ ತಪ್ಪಿನ ಸುತ್ತಲಿನ ಮೌನದ ಮೇಲೆ ಸಿಟ್ಟು.

ಸ್ವಲ್ಪ ಕಾಲ ಪತ್ರಕರ್ತರಾಗಿದ್ದು, 1956ರಲ್ಲಿ ಹಾಬರ್‌ಮಾಸ್ ಫ್ರಾಂಕ್‌ಫರ್ಟ್‌ನ ಸಾಮಾಜಿಕ ಸಂಶೋಧನಾ ಸಂಸ್ಥೆಯಲ್ಲಿ ಥಿಯೊಡರ್ ಅಡೋರ್ನೊ ಅವರ ಸಹಾಯಕರಾದರು. ಅಮೆರಿಕದ ದೇಶಾಂತರ ಮುಗಿಸಿ ಮರಳಿದ್ದ ಅಡೋರ್ನೊ, ಮ್ಯಾಕ್ಸ್ ಹಾರ್ಕ್‌ಹೈಮರ್ ಇಬ್ಬರೂ ಆ ಸಂಸ್ಥೆಯ ಕಣ್ಣುಗಳು. ಅಡೋರ್ನೊಗೆ ಈ ಯುವಕ ಮೆಚ್ಚುಗೆಯಾದರೂ ಹಾರ್ಕ್‌ಹೈಮರ್‌ಗೆ ಅತಿ ಎಡಪಂಥೀಯನಾಗಿ ಕಂಡ. ಕಡೆಗೆ ಹಾಬರ್‌ಮಾಸ್ ಪ್ರಾಧ್ಯಾಪಕ ಹುದ್ದೆಗೆ ಬೇಕಾದ ಪ್ರಬಂಧವನ್ನು ಮಾರ್ಬುರ್ಗ್‌ಗೆ ಒಯ್ದು, ಸಮಾಜವಾದಿ ಕಾನೂನುತಜ್ಞ ವೋಲ್ಫ್‌ಗಾಂಗ್ ಆಬೆಂಡ್ರೋಟ್ ಅವರ ಬಳಿ ಮುಗಿಸಬೇಕಾಯಿತು. 1964ರಲ್ಲಿ ಅವರು ಫ್ರಾಂಕ್‌ಫರ್ಟ್‌ಗೆ ಮರಳಿದ್ದು ಅದೇ ಹಾರ್ಕ್‌ಹೈಮರ್ ತೆರವು ಮಾಡಿದ ಪೀಠಕ್ಕೆ.

ಮಾರ್ಬುರ್ಗ್‌ನ ಪ್ರಬಂಧ 1962ರಲ್ಲಿ ಸಾರ್ವಜನಿಕ ವಲಯದ ಸ್ವರೂಪ ಬದಲಾವಣೆಯ ಕುರಿತ ಪುಸ್ತಕವಾಗಿ ಹೊರಬಂತು. ಅವರ ಪುಸ್ತಕಗಳಲ್ಲಿ ಇಂದಿಗೂ ಹೆಚ್ಚು ಓದಿಸಿಕೊಳ್ಳುವುದು ಇದೇ ಇರಬೇಕು. ಹದಿನೆಂಟನೇ ಶತಮಾನದ ಇಂಗ್ಲೆಂಡ್, ಫ್ರಾನ್ಸ್, ಜರ್ಮನಿಗಳಲ್ಲಿ ಅರಮನೆಗೂ ಮನೆಗೂ ನಡುವೆ ಹೊಸದೊಂದು ಜಾಗ ಹುಟ್ಟಿತು ಎಂಬುದು ಅದರ ಕಥನ. ಕಾಫಿ ಅಂಗಡಿ, ಓದುಗರ ಸಂಘ, ವಾರಪತ್ರಿಕೆ ಇವು ಆ ಜಾಗದ ಬೀಡುಗಳು. ಲಂಡನ್ನಿನ ಬಟನ್ಸ್ ಕಾಫಿ ಅಂಗಡಿಯಲ್ಲಿ ಬಾಯಿ ತೆರೆದ ಸಿಂಹದ ತಲೆಯೊಂದನ್ನು ಗೋಡೆಗೆ ಕೂರಿಸಿದ್ದರು. ಗಿರಾಕಿಗಳು ತಮ್ಮ ಪತ್ರಗಳನ್ನು ಆ ಬಾಯಿಗೆ ಹಾಕುತ್ತಿದ್ದರು; ಜೋಸೆಫ್ ಅಡಿಸನ್ ಅವುಗಳಲ್ಲಿ ಆಯ್ದದ್ದನ್ನು ಪತ್ರಿಕೆಯಲ್ಲಿ ಅಚ್ಚು ಮಾಡುತ್ತಿದ್ದರು; ಅಚ್ಚಾದ ಹಾಳೆ ಮತ್ತೆ ಅದೇ ಮೇಜುಗಳಿಗೆ ಬಂದು ಹೊಸ ಚರ್ಚೆ ಹುಟ್ಟಿಸುತ್ತಿತ್ತು. ಮೇಜಿನ ಸುತ್ತ ಕೂತವರ ನಡುವೆ ತಾತ್ವಿಕವಾಗಿಯಾದರೂ ಅಂತಸ್ತು ಲೆಕ್ಕಕ್ಕಿರಲಿಲ್ಲ, ವಾದದ ತೂಕವೇ ಲೆಕ್ಕಕ್ಕಿದ್ದದ್ದು. ದೊರೆಯ ಆಜ್ಞೆಯೂ ಕಾರಣ ಹೇಳಬೇಕು ಎಂಬ ಒತ್ತಾಯ ಬೆಳೆದದ್ದು ಇಂಥ ಕಡೆಗಳಲ್ಲಿ.

ಪುಸ್ತಕದ ಉತ್ತರಾರ್ಧ ವಿಷಾದದ್ದು. ಜಾಹೀರಾತು, ಪ್ರಚಾರ, ಸಾಮೂಹಿಕ ಮಾಧ್ಯಮಗಳು ವಾದ ಹೂಡುವ ನಾಗರಿಕರನ್ನು ನೋಡಿ ಸುಮ್ಮನಾಗುವ ಗ್ರಾಹಕರನ್ನಾಗಿ ಮಾಡಿವೆ ಎಂದು ಅದು ದೂರುತ್ತದೆ. ಪೂರ್ವಾರ್ಧದ ಚಿತ್ರವೂ ಸ್ವಲ್ಪ ಬಣ್ಣ ಹಚ್ಚಿದ್ದೇ. ಅಮೆರಿಕದ ನ್ಯಾನ್ಸಿ ಫ್ರೇಸರ್ 1990ರಲ್ಲಿ ತೋರಿಸಿದಂತೆ ಆ ಮೇಜುಗಳಲ್ಲಿ ಹೆಂಗಸರಿಗೂ ಆಸ್ತಿಯಿಲ್ಲದವರಿಗೂ ಜಾಗವಿರಲಿಲ್ಲ. ಅವರು ತಮ್ಮವೇ ಪ್ರತಿ-ವಲಯಗಳನ್ನು ಕಟ್ಟಿಕೊಳ್ಳಬೇಕಾಯಿತು. ಹಾಬರ್‌ಮಾಸ್ ಈ ಟೀಕೆಯ ಬಹುಪಾಲನ್ನು ಒಪ್ಪಿಕೊಂಡರು.

ವಿದ್ಯಾರ್ಥಿ ಚಳವಳಿಯೊಂದಿಗಿನ ನಂಟು ಸುಗಮವಾಗಿರಲಿಲ್ಲ. 1967ರ ಜೂನ್ 2ರಂದು ಬರ್ಲಿನ್‌ನಲ್ಲಿ ಬೆನೊ ಓನೆಸೋರ್ಗ್ ಎಂಬ ವಿದ್ಯಾರ್ಥಿ ಪೊಲೀಸರ ಗುಂಡಿಗೆ ಬಲಿಯಾದ. ಆ ಬಳಿಕ ಹನೋವರ್‌ನಲ್ಲಿ ನಡೆದ ಸಭೆಯಲ್ಲಿ ವಿದ್ಯಾರ್ಥಿ ನಾಯಕ ರೂಡಿ ಡುಚ್ಕೆಯ ಮಾತುಗಳನ್ನು ಕೇಳಿದ ಹಾಬರ್‌ಮಾಸ್, ಇದು ಎಡಪಂಥೀಯ ಫ್ಯಾಸಿಸಂ ಆಗುತ್ತದೆ ಎಂದು ಎಚ್ಚರಿಸಿದರು. ಆ ಪದ ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಹಾಗೆ ಹೇಳಬಾರದಿತ್ತೆಂದು ಮುಂದೆ ಅವರೇ ಒಪ್ಪಿದರು. 1971ರಲ್ಲಿ ಮ್ಯೂನಿಕ್ ಸಮೀಪದ ಸ್ಟಾರ್ನ್‌ಬೆರ್ಗ್‌ನ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಗೆ ಹೋಗಿ ಹತ್ತು ವರ್ಷ ನಿರ್ದೇಶಕರಾಗಿದ್ದರು. 1983ರಿಂದ 1994ರಲ್ಲಿ ನಿವೃತ್ತಿಯಾಗುವವರೆಗೆ ಮತ್ತೆ ಫ್ರಾಂಕ್‌ಫರ್ಟ್‌.

ಸ್ಟಾರ್ನ್‌ಬೆರ್ಗ್‌ನ ದುಡಿಮೆಯ ಫಲ 1981ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಸಂವಹನ ಕ್ರಿಯೆಯ ಸಿದ್ಧಾಂತ. ಯಾರಾದರೂ ಒಂದು ಮಾತು ಹೇಳಿದಾಗ ಮೂರು ವಿಷಯಗಳಿಗೆ ಹೊಣೆ ಹೊರುತ್ತಾರೆ: ಹೇಳಿದ್ದು ನಿಜ, ಹೇಳುವುದು ಸರಿ, ಹೇಳುವವರ ಮನಸ್ಸಿನಲ್ಲಿ ಇರುವುದೂ ಅದೇ. ಕೇಳುವವರು ಇದರಲ್ಲಿ ಯಾವುದನ್ನಾದರೂ ಪ್ರಶ್ನಿಸಬಹುದು, ಆಗ ಕಾರಣ ಕೊಡಬೇಕಾಗುತ್ತದೆ. ಬೆದರಿಕೆ, ಆಮಿಷಗಳ ಹಂಗಿಲ್ಲದ ಒಪ್ಪಿಗೆಯ ಸಾಧ್ಯತೆ ಹೀಗೆ ದಿನಬಳಕೆಯ ಮಾತಿನೊಳಗೇ ಅಡಗಿದೆ ಎಂಬುದು ಹಾಬರ್‌ಮಾಸ್ ವಾದ. ಇದಕ್ಕೆ ಎದುರಾಗಿ ನಿಲ್ಲುವವು ಮಾರುಕಟ್ಟೆ ಮತ್ತು ಆಡಳಿತಯಂತ್ರ. ಅವು ನಡೆಯುವುದು ಹಣ, ಅಧಿಕಾರಗಳ ಮೇಲೆ. ಅಲ್ಲಿ ಯಾರೂ ಯಾರನ್ನೂ ಒಪ್ಪಿಸಬೇಕಾಗಿಲ್ಲ. ಆಧುನಿಕ ಸಮಾಜಕ್ಕೆ ಈ ಯಂತ್ರಗಳು ಬೇಕು. ಕುಟುಂಬ, ಶಾಲೆ, ಸಾರ್ವಜನಿಕ ಚರ್ಚೆಗಳ ಬದುಕಿನ ಲೋಕಕ್ಕೂ ಅವು ನುಗ್ಗಿ ಅದನ್ನು ವಸಾಹತು ಮಾಡಿಕೊಂಡಾಗ ರೋಗ ಶುರು. 1992ರ ಕಾನೂನು ಕುರಿತ ಗ್ರಂಥ ಇದನ್ನೇ ರಾಜ್ಯಶಾಸ್ತ್ರಕ್ಕೆ ವಿಸ್ತರಿಸಿತು. ಸಮಾಜದ ಚರ್ಚೆ ಸಂಸತ್ತಿಗೆ ತಲುಪಬೇಕು, ಸಂಸತ್ತಿನ ಕಾನೂನು ಮಾರುಕಟ್ಟೆಗೂ ಆಡಳಿತಕ್ಕೂ ಮೂಗುದಾರ ಹಾಕಬೇಕು. ಯುರೋಪಿನ ಕುರಿತು ಅವರು ಮುಂದೆ ಹೇಳಿದ್ದೆಲ್ಲ ಈ ಒಂದು ವಾಕ್ಯದ ಒಳಗಿದೆ ಎಂದರೆ ತಪ್ಪಾಗದು.

ನಡುವೆ 1986ರಲ್ಲಿ ಇತಿಹಾಸಕಾರರ ಜಗಳ ನಡೆಯಿತು. ನಾಜಿ ನರಮೇಧವನ್ನು ಸೋವಿಯತ್ ಹಿಂಸೆಗೆ ಬಂದ ಪ್ರತಿಕ್ರಿಯೆಯೆಂಬಂತೆ ಅರ್ಥೈಸುವ ಅರ್ನ್‌ಸ್ಟ್ ನೋಲ್ಟೆಯವರ ಲೇಖನ ಜೂನ್‌ನಲ್ಲಿ ಪ್ರಕಟವಾಯಿತು. ಮರುತಿಂಗಳು 'ಡೀ ಸೈಟ್' ವಾರಪತ್ರಿಕೆಯಲ್ಲಿ ಹಾಬರ್‌ಮಾಸ್ ಪ್ರತ್ಯುತ್ತರ ಬಂತು. ದೇಶದ ಹೆಮ್ಮೆಯನ್ನು ಮತ್ತೆ ಮೊದಲಿನಂತೆ ಮಾಡಲು ಭೂತಕಾಲದ ಲೆಕ್ಕ ತೀರಿಸಿ ಕೈತೊಳೆದುಕೊಳ್ಳುವ ಯತ್ನ ಇದೆಂದು ಅವರು ಬರೆದರು. ರಾಜ್ಯಶಾಸ್ತ್ರಜ್ಞ ಡಾಲ್ಫ್ ಸ್ಟರ್ನ್‌ಬೆರ್ಗರ್ ಬಳಕೆಗೆ ತಂದಿದ್ದ ಸಾಂವಿಧಾನಿಕ ದೇಶಭಕ್ತಿ ಎಂಬ ಕಲ್ಪನೆಯನ್ನು ಈ ಜಗಳದಲ್ಲಿ ಕೈಗೆತ್ತಿಕೊಂಡರು. ನಿಷ್ಠೆ ಸಲ್ಲಬೇಕಾದದ್ದು ರಕ್ತಕ್ಕೂ ಮಣ್ಣಿಗೂ ಅಲ್ಲ, ಸಂವಿಧಾನದ ತತ್ವಗಳಿಗೆ. 1990ರಲ್ಲಿ ಎರಡು ಜರ್ಮನಿಗಳು ಒಂದಾಗುವಾಗ ಅವರ ತಕರಾರಿನ ಬೇರೂ ಇದೇ. ಪೂರ್ವದ ರಾಜ್ಯಗಳು ಪಶ್ಚಿಮ ಜರ್ಮನಿಯ ಸಂವಿಧಾನದ 23ನೇ ವಿಧಿಯಡಿ ಹಾಗೇ ಬಂದು ಸೇರಿಕೊಳ್ಳುವ ದಾರಿ ಹಿಡಿಯಲಾಯಿತು. 146ನೇ ವಿಧಿಯಂತೆ ಇಡೀ ಜನ ಸೇರಿ ಹೊಸ ಸಂವಿಧಾನ ಒಪ್ಪಬೇಕೆಂದು ಹಾಬರ್‌ಮಾಸ್ ಹೇಳುತ್ತಲೇ ಇದ್ದರು. ಜನ ಮತ ಹಾಕಿ ಒಂದಾಗದೆ ಮಾರ್ಕ್ ನಾಣ್ಯದ ಹುರುಪಿನಲ್ಲಿ ಒಂದಾಗುತ್ತಿದ್ದಾರೆ ಎಂಬುದು ಅವರ ಚುಚ್ಚುಮಾತು.

ಯುರೋಪಿನ ಪ್ರಶ್ನೆ ಮುನ್ನೆಲೆಗೆ ಬಂದದ್ದು ಮಾಸ್ಟ್ರಿಕ್ಟ್ ಒಪ್ಪಂದದೊಂದಿಗೆ. ಒಪ್ಪಂದಕ್ಕೆ ಜರ್ಮನ್ ಸಾಂವಿಧಾನಿಕ ನ್ಯಾಯಾಲಯ 1993ರ ಅಕ್ಟೋಬರ್‌ನಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟಿತು. ಅದೇ ನ್ಯಾಯಾಲಯದ ನ್ಯಾಯಾಧೀಶ ಡೀಟರ್ ಗ್ರಿಮ್ 1995ರಲ್ಲಿ ಒಂದು ಪ್ರಬಂಧ ಬರೆದು, ಯುರೋಪಿಗೆ ಸಂವಿಧಾನ ಬೇಡವೆಂದು ವಾದಿಸಿದರು. ಒಂದೇ ಭಾಷೆ, ಒಂದೇ ಮಾಧ್ಯಮ, ಯುರೋಪಿನಾದ್ಯಂತ ಹರಡಿದ ಪಕ್ಷಗಳು ಇಲ್ಲದ ಕಡೆ ಯುರೋಪಿನ ಜನ ಎಂಬುದೇ ಇಲ್ಲ, ಜನವಿಲ್ಲದೆ ಪ್ರಜಾಪ್ರಭುತ್ವ ಎಲ್ಲಿಂದ ಬರಬೇಕು ಎಂಬುದು ಅವರ ಆಕ್ಷೇಪ. ಹಗುರವಾಗಿ ತಳ್ಳಿಹಾಕುವಂಥದ್ದಲ್ಲ ಇದು. ಯುರೋಪಿನಲ್ಲಿ ಸಾರ್ವಜನಿಕ ವಲಯ ಸದ್ಯಕ್ಕಿಲ್ಲ ಎಂಬುದನ್ನು ಹಾಬರ್‌ಮಾಸ್ ಕೂಡ ಒಪ್ಪಿದರು. ಕ್ರಮ ತಿರುಗುಮುರುಗಾಗಿದೆ ಎಂಬುದಷ್ಟೇ ಅವರ ಉತ್ತರ. ರಾಷ್ಟ್ರಗಳು ತಾವಾಗಿ ಬೆಳೆದ ಕುಲಗಳಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಶಾಲೆ, ಪತ್ರಿಕೆ, ಸೈನ್ಯ, ಮತದಾನಗಳು ಸೇರಿ, ಒಬ್ಬರಿಗೊಬ್ಬರು ಅಪರಿಚಿತರಾದ ಲಕ್ಷಾಂತರ ಮಂದಿಯಲ್ಲಿ ನಾವೊಂದೇ ಎಂಬ ಭಾವನೆ ಮೂಡಿಸಿದವು. ಹಳ್ಳಿಯಿಂದ ದೇಶಕ್ಕೆ ಹಿಗ್ಗಿದ ಐಕ್ಯ ದೇಶದ ಗಡಿಯಲ್ಲೇ ನಿಂತುಬಿಡಬೇಕೆಂಬ ನಿಯಮವಿಲ್ಲ. ಸಂವಿಧಾನ ಬಂದರೆ ಅದರ ಸುತ್ತ ಚರ್ಚೆ, ಪಕ್ಷ, ಪತ್ರಿಕೆಗಳು ಹುಟ್ಟುತ್ತವೆ.

1998ರ ರಾಷ್ಟ್ರೋತ್ತರ ಸನ್ನಿವೇಶ ಕುರಿತ ಪುಸ್ತಕ ಇದಕ್ಕೆ ಆರ್ಥಿಕ ಕಾರಣವನ್ನೂ ಸೇರಿಸಿತು. ಬಂಡವಾಳ ಗಡಿ ದಾಟಿ ಓಡಾಡುವಾಗ ಒಂದೊಂದೇ ದೇಶದ ಸರ್ಕಾರ ತೆರಿಗೆ ಹಾಕುವ, ಕಲ್ಯಾಣ ಯೋಜನೆ ನಡೆಸುವ ಶಕ್ತಿ ಕಳೆದುಕೊಳ್ಳುತ್ತದೆ. ರಾಜಕೀಯ ಮಾರುಕಟ್ಟೆಯ ಅಳತೆಗೆ ಬೆಳೆಯದಿದ್ದರೆ ಮತಪೆಟ್ಟಿಗೆಗೆ ಬೀಳುವ ಮತಕ್ಕೆ ಬೆಲೆಯೇ ಉಳಿಯುವುದಿಲ್ಲ.

2003ರಲ್ಲಿ ಈ ವಾದವನ್ನು ಪ್ರಯೋಗಕ್ಕೆ ಒಡ್ಡುವ ಅವಕಾಶ ಒದಗಿತು. ಫೆಬ್ರವರಿ 15ರಂದು ಲಂಡನ್, ರೋಮ್, ಮ್ಯಾಡ್ರಿಡ್, ಬಾರ್ಸಿಲೋನಾ, ಬರ್ಲಿನ್, ಪ್ಯಾರಿಸ್‌ಗಳಲ್ಲಿ ಇರಾಕ್ ಯುದ್ಧದ ವಿರುದ್ಧ ಜನಸಾಗರವೇ ಬೀದಿಗಿಳಿಯಿತು. ಯುರೋಪಿನ ಸಾರ್ವಜನಿಕ ವಲಯ ಹುಟ್ಟಿದ ದಿನವೆಂದು ಮುಂದೆ ಇದನ್ನು ನೆನೆಯಬಹುದು ಎಂದುಕೊಂಡ ಹಾಬರ್‌ಮಾಸ್ ಒಂದು ಲೇಖನ ಸಿದ್ಧಪಡಿಸಿದರು. ಅದಕ್ಕೆ ಸಹಿ ಹಾಕಿದವರು ಫ್ರಾನ್ಸಿನ ತತ್ವಜ್ಞಾನಿ ಝಾಕ್ ಡೆರಿಡಾ. ಇಬ್ಬರೂ ಹಿಂದೆ ಬಹಿರಂಗವಾಗಿ ಹೋರಾಡಿದ್ದ ಎದುರಾಳಿಗಳು. ಮೇ 31ರಂದು ಲೇಖನ ಫ್ರಾಂಕ್‌ಫರ್ಟ್‌ನ ಪತ್ರಿಕೆಯಲ್ಲೂ ಪ್ಯಾರಿಸ್‌ನ 'ಲಿಬೆರಾಸಿಯೋ'ದಲ್ಲೂ ಏಕಕಾಲಕ್ಕೆ ಬಂತು. ಅದೇ ದಿನ ಇಟಲಿಯಲ್ಲಿ ಉಂಬರ್ತೊ ಎಕೊ, ಸ್ಪೇನಿನಲ್ಲಿ ಫರ್ನಾಂಡೊ ಸವಾಟೆರ್, ಸ್ವಿಟ್ಜರ್ಲೆಂಡಿನಲ್ಲಿ ಅಡೋಲ್ಫ್ ಮುಶ್ಗ್, ಮ್ಯೂನಿಕ್‌ನ ಪತ್ರಿಕೆಯಲ್ಲಿ ಅಮೆರಿಕದ ರಿಚರ್ಡ್ ರೋರ್ಟಿ ಇದೇ ವಿಷಯದ ಮೇಲೆ ಬರೆದರು. ಹಲವು ಭಾಷೆ, ಒಂದೇ ಬೆಳಗ್ಗೆ, ಒಂದೇ ಚರ್ಚೆ. ಗ್ರಿಮ್ ಅವರಿಗೆ ಕೊಟ್ಟ ಪ್ರಾತ್ಯಕ್ಷಿಕೆಯಂತಿತ್ತು.

ಪ್ರಾತ್ಯಕ್ಷಿಕೆಯ ಹುಳುಕೂ ಅಲ್ಲೇ ಕಂಡಿತು. ಹಳೆಯ ಸದಸ್ಯ ದೇಶಗಳು ತಿರುಳಿನ ಯುರೋಪಾಗಿ ಮುಂದೆ ನಡೆಯಲಿ, ಉಳಿದವರು ಹಿಂದೆ ಬರಲಿ ಎಂಬ ಸಲಹೆ ಪೂರ್ವ ಯುರೋಪಿನವರಿಗೆ ನೋವು ತಂದಿತು. 2004ರ ಮೇ ತಿಂಗಳಲ್ಲಿ ಹತ್ತು ದೇಶಗಳು ಒಕ್ಕೂಟ ಸೇರಲಿದ್ದವು. ಅವುಗಳ ಲೇಖಕರಿಗೆ ಆ ದಿನ ಆಹ್ವಾನ ಹೋಗಿರಲಿಲ್ಲ. ಹಂಗೇರಿಯ ಕಾದಂಬರಿಕಾರ ಪೀಟರ್ ಎಸ್ಟರ್‌ಹಾಜಿ ಮೊದಲಾದವರು ವ್ಯಂಗ್ಯವಾಗಿಯೇ ಪ್ರತಿಕ್ರಿಯಿಸಿದರು. ಚರ್ಚೆಗೆ ಎಲ್ಲರೂ ಸಮಾನರೆಂದು ಬರೆದವರು ಅತಿಥಿಗಳ ಪಟ್ಟಿ ಮಾಡುವಾಗ ಅದನ್ನು ಮರೆತಿದ್ದರು. ಅದಲ್ಲದೆ ಪ್ರತಿಷ್ಠಿತ ದಿನಪತ್ರಿಕೆಗಳ ಪುಟದಲ್ಲಿ ನಡೆದ ಮಾತುಕತೆ ಕಾರ್ಖಾನೆಯವರಿಗೂ ರೈತರಿಗೂ ಎಷ್ಟು ತಲುಪಿತೆಂಬುದು ಬೇರೆಯೇ ಪ್ರಶ್ನೆ.

ಉತ್ತರ ಎರಡು ವರ್ಷದಲ್ಲಿ ಬಂತು. ಯುರೋಪಿನ ಸಂವಿಧಾನದ ಕರಡನ್ನು 2005ರ ಮೇ 29ರಂದು ಫ್ರಾನ್ಸಿನ ಮತದಾರರು ಶೇ 55ರಷ್ಟು, ಮೂರು ದಿನಗಳ ಬಳಿಕ ನೆದರ್ಲೆಂಡ್ಸ್‌ನವರು ಶೇ 61ಕ್ಕೂ ಹೆಚ್ಚು ಮತಗಳಿಂದ ತಿರಸ್ಕರಿಸಿದರು. ಕರಡಿನ ಬಹುಪಾಲು ಅಂಶಗಳು ಲಿಸ್ಬನ್ ಒಪ್ಪಂದವಾಗಿ 2009ರ ಡಿಸೆಂಬರ್ 1ರಂದು ಜಾರಿಗೆ ಬಂದವು. ಜನ ಬೇಡವೆಂದದ್ದನ್ನು ಸರ್ಕಾರಗಳು ಹಿಂಬಾಗಿಲಿನಿಂದ ತಂದವು ಎಂಬ ದೂರು ಯುರೋಪಿನ ವಿರೋಧಿಗಳದ್ದು. ಯುರೋಪಿನ ಬೆಂಬಲಿಗರಾದ ಹಾಬರ್‌ಮಾಸ್ ದೂರು ಕೂಡ ಹೆಚ್ಚುಕಡಿಮೆ ಅದೇ. ದೇಶಕ್ಕೊಂದರಂತೆ ಬೇರೆ ಬೇರೆ ದಿನ ನಡೆಯುವ ಜನಮತಗಣನೆಯಲ್ಲಿ ಜನ ತಮ್ಮ ಸರ್ಕಾರದ ಮೇಲಿನ ಸಿಟ್ಟು ತೀರಿಸಿಕೊಳ್ಳುತ್ತಾರೆ; ಇಡೀ ಯುರೋಪಿನಲ್ಲಿ ಒಂದೇ ದಿನ ಮತದಾನ ಆಗಲಿ ಎಂದು ಅವರು ಕೇಳಿದರು. ಯಾವ ಸರ್ಕಾರವೂ ಕಿವಿಗೊಡಲಿಲ್ಲ.

ಯೂರೊ ಬಿಕ್ಕಟ್ಟು ಬಂದಾಗ ಹಾಬರ್‌ಮಾಸ್ ದನಿ ಏರಿತು. ಗ್ರೀಸ್ ಸಾಲದ ಸುಳಿಗೆ ಸಿಕ್ಕಿದ್ದಾಗ, 2011ರ ಶರತ್ಕಾಲದಲ್ಲಿ, ಅಲ್ಲಿನ ಪ್ರಧಾನಿ ಜಾರ್ಜ್ ಪಾಪಾಂಡ್ರೇಯೂ ನೆರವಿನ ಷರತ್ತುಗಳನ್ನು ಜನಮತಕ್ಕೆ ಹಾಕುವುದಾಗಿ ಪ್ರಕಟಿಸಿ, ಬರ್ಲಿನ್ ಮತ್ತು ಪ್ಯಾರಿಸ್‌ಗಳ ಒತ್ತಡಕ್ಕೆ ಅದನ್ನು ಕೈಬಿಟ್ಟರು. ಹಾಬರ್‌ಮಾಸ್ ಪ್ರಜಾಪ್ರಭುತ್ವದ ಘನತೆಯನ್ನು ಉಳಿಸಿ ಎಂದು ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಬಂದ ಯುರೋಪಿನ ಸಂವಿಧಾನ ಕುರಿತ ಪುಸ್ತಕದಲ್ಲಿ ಜರ್ಮನಿಯ ಚಾನ್ಸಲರ್ ಆಂಗೆಲಾ ಮರ್ಕೆಲ್, ಫ್ರಾನ್ಸಿನ ಅಧ್ಯಕ್ಷ ನಿಕೊಲಾ ಸಾರ್ಕೋಜಿ ನಡೆಸುತ್ತಿದ್ದ ಪದ್ಧತಿಗೆ ಕಾರ್ಯಾಂಗದ ಒಕ್ಕೂಟ ಎಂಬ ಹೆಸರು ಕೊಟ್ಟರು. ಸರ್ಕಾರಗಳ ಮುಖ್ಯಸ್ಥರು ಮುಚ್ಚಿದ ಬಾಗಿಲ ಹಿಂದೆ ನಿರ್ಧರಿಸುತ್ತಾರೆ, ಸಂಸತ್ತುಗಳು ಮೊಹರು ಒತ್ತುತ್ತವೆ.

ಪರ್ಯಾಯವಾಗಿ ಅದೇ ಪುಸ್ತಕ ಮುಂದಿಟ್ಟ ಕಲ್ಪನೆ ಅವರ ರಾಜಕೀಯ ಚಿಂತನೆಯ ಸ್ವಂತ ಕೊಡುಗೆ. ಯುರೋಪಿನ ಒಂದು ದೊಡ್ಡ ರಾಷ್ಟ್ರವನ್ನು ಅವರು ಬಯಸಲಿಲ್ಲ. ಒಬ್ಬ ಗ್ರೀಕ್ ಶಿಕ್ಷಕಿ ಏಕಕಾಲಕ್ಕೆ ಗ್ರೀಸಿನ ಜನರಲ್ಲಿ ಒಬ್ಬಳು, ಯುರೋಪಿನ ನಾಗರಿಕಳೂ ಹೌದು. ಸಾರ್ವಭೌಮತ್ವ ಎರಡು ಹೋಳಾಗುವುದಿಲ್ಲ. ಒಬ್ಬಳೇ ವ್ಯಕ್ತಿ ಎರಡು ಪಾತ್ರಗಳಲ್ಲಿ ಅದನ್ನು ಚಲಾಯಿಸುತ್ತಾಳೆ. ಯುರೋಪಿನ ನಾಗರಿಕಳಾಗಿ ಯುರೋಪಿಯನ್ ಸಂಸತ್ತಿನಲ್ಲಿ, ಗ್ರೀಸಿನವಳಾಗಿ ದೇಶಗಳ ಮಂಡಳಿಯಲ್ಲಿ ಅವಳ ದನಿ ಕೇಳಬೇಕು; ಎರಡು ಸದನಗಳಿಗೂ ಸಮಾನ ಅಧಿಕಾರವಿರಬೇಕು. ಪೊಲೀಸು, ಸೈನ್ಯ ದೇಶಗಳ ಕೈಯಲ್ಲೇ ಇರುತ್ತವೆ, ಗಳಿಸಿಕೊಂಡ ಹಕ್ಕುಗಳಿಗೆ ದೇಶಗಳೇ ಜಾಮೀನು. ಆದರೂ ಒಕ್ಕೂಟದ ಕಾನೂನಿಗೆ ಅವು ತಲೆಬಾಗುತ್ತವೆ. ಸದ್ಯದ ಯುರೋಪಿಯನ್ ಸಂಸತ್ತು ಇದಕ್ಕೆ ದೂರವೇ ಇದೆ, ಸ್ವಂತವಾಗಿ ಮಸೂದೆ ಮಂಡಿಸುವ ಹಕ್ಕೂ ಅದಕ್ಕಿಲ್ಲ. 1979ರ ಮೊದಲ ಚುನಾವಣೆಯಲ್ಲಿ ಶೇ 62ರಷ್ಟಿದ್ದ ಮತದಾನ 2014ಕ್ಕೆ ಶೇ 43ಕ್ಕಿಂತ ಕೆಳಗಿಳಿದಿತ್ತು.

ಎಡಪಂಥದೊಳಗಿನಿಂದಲೇ ಗಟ್ಟಿ ವಿರೋಧ ಬಂತು. ಸಮಾಜಶಾಸ್ತ್ರಜ್ಞ ವೋಲ್ಫ್‌ಗಾಂಗ್ ಸ್ಟ್ರೀಕ್ 2013ರಲ್ಲಿ, ಯೂರೊ ಬಂಡವಾಳದ ಹತಾರವೇ ಆಗಿರುವಾಗ ಅದಕ್ಕೆ ಪ್ರಜಾಪ್ರಭುತ್ವದ ಮೇಲ್ಛಾವಣಿ ಹಾಕುವ ಕನಸು ವ್ಯರ್ಥ, ಬಡವರಿಗೆ ಉಳಿದಿರುವ ರಕ್ಷಣೆ ದೇಶದ ಸಂಸ್ಥೆಗಳಲ್ಲಿದೆ ಎಂದು ವಾದಿಸಿದರು. ಹಳೆಯ ರಾಷ್ಟ್ರದ ಕೋಟೆಗೆ ಮರಳುವುದು ಹಳಹಳಿಕೆ ಎಂದು ಹಾಬರ್‌ಮಾಸ್ ಮಾರುತ್ತರ ಕೊಟ್ಟರು. ಮುಂದಿನ ಘಟನೆಗಳು ರೋಗದ ಪತ್ತೆಯಲ್ಲಿ ಸ್ಟ್ರೀಕ್ ಅವರನ್ನು, ಮದ್ದಿನಲ್ಲಿ ಹಾಬರ್‌ಮಾಸ್ ಅವರನ್ನು ಸಮರ್ಥಿಸಿದಂತೆ ಕಾಣುತ್ತದೆ. 2015ರ ಜುಲೈ 5ರಂದು ಗ್ರೀಕರು ಶೇ 61ರಷ್ಟು ಮತಗಳಿಂದ ಸಾಲದ ಷರತ್ತುಗಳನ್ನು ತಿರಸ್ಕರಿಸಿದರು. ಒಂದು ವಾರ ಕಳೆದು ಬ್ರಸೆಲ್ಸ್‌ನಲ್ಲಿ ರಾತ್ರಿಯಿಡೀ, ಸುಮಾರು ಹದಿನೇಳು ತಾಸು ನಡೆದ ಸಭೆಯ ಕೊನೆಗೆ ಗ್ರೀಸ್ ಹೆಚ್ಚು ಕಠಿಣವಾದ ಷರತ್ತುಗಳಿಗೆ ಒಪ್ಪಿತು. 5000 ಕೋಟಿ ಯೂರೊ ಗುರಿಯ ಸಾರ್ವಜನಿಕ ಆಸ್ತಿ ನಿಧಿಯೂ ಅದರಲ್ಲಿತ್ತು. ಯುದ್ಧಾನಂತರದ ಜರ್ಮನಿ ಅರ್ಧ ಶತಮಾನದಲ್ಲಿ ಗಳಿಸಿದ್ದ ವಿಶ್ವಾಸವನ್ನು ಅದರ ಸರ್ಕಾರ ಒಂದೇ ರಾತ್ರಿಯಲ್ಲಿ ಜೂಜಿಗಿಟ್ಟು ಕಳೆದುಕೊಂಡಿತೆಂದು ಹಾಬರ್‌ಮಾಸ್ ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯ ಸಂದರ್ಶನದಲ್ಲಿ ಹೇಳಿದರು.

2017ರ ಮಾರ್ಚ್‌ನಲ್ಲಿ, ಫ್ರಾನ್ಸಿನ ಅಧ್ಯಕ್ಷ ಚುನಾವಣೆಗೆ ಮುನ್ನ, ಬರ್ಲಿನ್‌ನ ಹರ್ಟಿ ಸ್ಕೂಲ್ ವೇದಿಕೆಯಲ್ಲಿ ಅಭ್ಯರ್ಥಿ ಎಮ್ಯಾನುಯೆಲ್ ಮ್ಯಾಕ್ರೋನ್ ಜೊತೆ ಹಾಬರ್‌ಮಾಸ್ ಕುಳಿತರು. ಯುರೋಪನ್ನೇ ಚುನಾವಣೆಯ ವಿಷಯವಾಗಿಸುವ ಮ್ಯಾಕ್ರೋನ್ ಧೈರ್ಯ ಹಾಬರ್‌ಮಾಸ್‌ಗೆ ಹಿಡಿಸಿತ್ತು. 2020ರಲ್ಲಿ ಕೊರೊನಾ ಹಾನಿ ತುಂಬಲು ಒಕ್ಕೂಟ ಮೊದಲ ಬಾರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ, 75,000 ಕೋಟಿ ಯೂರೊ ನಿಧಿಗಾಗಿ, ಜಂಟಿ ಸಾಲ ಎತ್ತಲು ಒಪ್ಪಿದಾಗ, ಜರ್ಮನಿ ಒಂದಾಗಿ ಮೂವತ್ತು ವರ್ಷವಾದ ಮೇಲೆ ಬಂದ ಎರಡನೇ ಅವಕಾಶವಿದು ಎಂದು ಬರೆದರು. ಮರ್ಕೆಲ್ ಅವರನ್ನು ವರ್ಷಗಟ್ಟಲೆ ಬಿಡದೆ ಟೀಕಿಸಿದ ಲೇಖನಿಯಿಂದ ಬಂದ ಅಪರೂಪದ ಮೆಚ್ಚುಗೆ ಅದು.

ತೊಂಬತ್ತು ದಾಟಿದ ಮೇಲೆ, 2022ರಲ್ಲಿ, ಸಾರ್ವಜನಿಕ ವಲಯದ ಹೊಸ ಬದಲಾವಣೆ ಕುರಿತ ಪುಟ್ಟ ಪುಸ್ತಕ ಪ್ರಕಟಿಸಿದರು. ಸಾಮಾಜಿಕ ಜಾಲತಾಣಗಳು ಪ್ರತಿ ಓದುಗನನ್ನೂ ಲೇಖಕನನ್ನಾಗಿಸಿವೆ. ಬರೆದದ್ದನ್ನು ಪರಿಶೀಲಿಸುವ, ಜವಾಬ್ದಾರಿ ಹೊರುವ ಸಂಪಾದಕ ಮಾತ್ರ ಕಾಣೆ. ಒಪ್ಪುವವರು ಒಪ್ಪುವವರ ಜೊತೆಗಷ್ಟೇ ಮಾತನಾಡುವ ಕಟ್ಟೆಗಳು ಹೆಚ್ಚಿದಷ್ಟೂ ಎಲ್ಲರೂ ಪಾಲ್ಗೊಳ್ಳುವ ಚರ್ಚೆ ಕರಗುತ್ತದೆ. ಮುದ್ರಣಯುಗದ ಮನುಷ್ಯನ ದುಗುಡವೂ ಇದರಲ್ಲಿ ಬೆರೆತಿದೆ. ಹಾಬರ್‌ಮಾಸ್ ಚಿಂತನೆಯ ದುರ್ಬಲ ಭಾಗ ಆದರ್ಶವಾದವೆಂದು ಹಲವರು ದೂರುವುದುಂಟು. ನಿಜವಾಗಿ ಅದು ಗಂಭೀರ ದಿನಪತ್ರಿಕೆಯ ಮೇಲೆ ಇಟ್ಟ ಅತಿಯಾದ ಭರವಸೆ.

ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಬಂದಾಗ ಅವರು ಮ್ಯೂನಿಕ್‌ನ 'ಸ್ಯುಡ್‌ಡಾಯ್ಚೆ ಸೈಟುಂಗ್'ನಲ್ಲಿ 2022ರ ಏಪ್ರಿಲ್‌ನಲ್ಲೂ 2023ರ ಫೆಬ್ರವರಿಯಲ್ಲೂ ಬರೆದರು. ಉಕ್ರೇನ್ ಸೋಲಬಾರದು, ಅಣ್ವಸ್ತ್ರವುಳ್ಳ ದೇಶದ ವಿರುದ್ಧ ಗೆಲುವು ಎಂದರೇನೆಂದು ಯೋಚಿಸಿ ಸಂಧಾನದ ದಾರಿಯನ್ನೂ ಸಕಾಲದಲ್ಲಿ ಹುಡುಕಬೇಕು ಎಂಬ ನಿಲುವಿಗೆ ಉಕ್ರೇನ್ ಮತ್ತು ಪೂರ್ವ ಯುರೋಪಿನ ಬುದ್ಧಿಜೀವಿಗಳಿಂದ ಕಟುವಾದ ಟೀಕೆ ಬಂತು. ದಾಳಿಗೆ ಒಳಗಾದವರಿಗೆ ಸುರಕ್ಷಿತ ಜಾಗದಿಂದ ಸಂಯಮ ಬೋಧಿಸಲಾಗುತ್ತಿದೆ ಎಂಬುದು ಟೀಕೆಯ ಸಾರ, 2003ರ ಮುನಿಸಿನ ಮುಂದುವರಿಕೆಯೂ ಹೌದು. ಸ್ವಂತ ವಿದೇಶಾಂಗ ನಿಲುವು ರೂಪಿಸಬಲ್ಲ ಯುರೋಪು ಬೇಕೆಂದು ಹಾಬರ್‌ಮಾಸ್ ಎರಡು ದಶಕ ಬರೆದರೂ, ಒಕ್ಕೂಟದ ವಿದೇಶಾಂಗ ಮತ್ತು ಭದ್ರತಾ ನೀತಿಯ ಮುಖ್ಯ ನಿರ್ಧಾರಗಳಿಗೆ ಈಗಲೂ 27 ದೇಶಗಳ ಸರ್ವಾನುಮತ ಬೇಕು. ಒಂದು ದೇಶ ಕೈ ಅಡ್ಡ ಹಿಡಿದರೆ ನಿರ್ಧಾರ ಅಲ್ಲಿಗೇ ನಿಲ್ಲುತ್ತದೆ.